ಗುಂಡಿ ಡಬ್ಬದಲ್ಲಿ ಒಂಬತ್ತು ದಿನ

ನನ್ನ ಓರಗಿತ್ತಿ ಬೆಳಗ್ಗೆ ಎಂಟೂವರೆಗೆ ಬಾಗಿಲಿಗೆ ಬೀಗ ಹಾಕುವ ಸದ್ದು ಕೇಳಿದರೆ ನನಗೆ ಮೈ ಉರಿಯುತ್ತಿತ್ತು. ಬೀಗ ಎಲ್ಲರೂ ಹಾಕುತ್ತಾರೆ. ಅವಳು ಹಾಕಿದ ಮೇಲೆ ಎರಡು ಸಲ ಎಳೆದು ನೋಡುತ್ತಿದ್ದಳು, ಟಕ್, ಟಕ್ ಎಂದು. ‘ನಾನು ಕೆಲಸಕ್ಕೆ ಹೊರಟೆ, ನೀನು ಇಲ್ಲೇ ಬಿದ್ದಿರು’ ಎಂದು ನನಗೇ ಹೇಳಿದ ಹಾಗೆ ಕೇಳುತ್ತಿತ್ತು ಅದು.

ನನ್ನ ಗಂಡ ಅಣ್ಣ, ಅವಳ ಗಂಡ ತಮ್ಮ. ಒಂದೇ ಗೋಡೆಯ ಆಚೆ ಈಚೆ ಎರಡು ಮನೆ. ಅಂಗಳದಲ್ಲಿ ಇಬ್ಬರಿಗೂ ಒಂದೇ ನಲ್ಲಿ. ನನ್ನ ಗಂಡ ಲಾರಿ ಓಡಿಸುತ್ತಾರೆ, ತಿಂಗಳಲ್ಲಿ ಇಪ್ಪತ್ತು ದಿನ ಊರಲ್ಲಿರುವುದಿಲ್ಲ. ಮೈದುನ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ನಾನು ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದೇನೆ. ಓರಗಿತ್ತಿ ಸರ್ಕಾರಿ ಹೈಸ್ಕೂಲಿನಲ್ಲಿ ಲ್ಯಾಬ್ ಅಟೆಂಡರ್. ಬೀದಿಯವರ ಬಾಯಲ್ಲಿ ಅವಳು ಲ್ಯಾಬಮ್ಮ, ನಾನು ಟೈಲರಮ್ಮ.

ಹದಿನಾಲ್ಕು ವರ್ಷದ ಹಿಂದೆ ಆ ಕೆಲಸಕ್ಕೆ ಇಬ್ಬರೂ ಅರ್ಜಿ ಬರೆದಿದ್ದೆವು. ಒಂದೇ ಪೆನ್ನಿನಲ್ಲಿ, ನನ್ನದೇ ಪೆನ್ನಿನಲ್ಲಿ. ನಾನು ಹತ್ತನೇ ತರಗತಿಯಲ್ಲಿ ಗಣಿತಕ್ಕೆ ನಾಲ್ಕು ಅಂಕ ಕಡಿಮೆಯಾಗಿ ಕೂತವಳು. ನನ್ನ ಅರ್ಜಿ ಹಿಂದಕ್ಕೆ ಬಂತು, ಅವಳಿಗೆ ಕೆಲಸ ಬಂತು. ಪೆನ್ನನ್ನೂ ಅವಳು ಹಿಂದಿರುಗಿಸಲಿಲ್ಲ. ಇದನ್ನು ನಾನು ಹದಿನಾಲ್ಕು ವರ್ಷ ಮರೆಯಲಿಲ್ಲ.

ಒಂದು ಸೋಮವಾರ ಸಂಜೆ ಬೀಗ ತೆಗೆಯುವ ಸದ್ದು ಕೇಳಲಿಲ್ಲ. ಹೊರಗೆ ಬಂದು ನೋಡಿದರೆ ಅವಳು ನಲ್ಲಿಕಟ್ಟೆಯ ಮೇಲೆ ಕೂತಿದ್ದಾಳೆ. ಹೆಗಲಿನ ಚೀಲ ಹೆಗಲಲ್ಲೇ ಇದೆ, ಊಟದ ಡಬ್ಬಿ ಮುಚ್ಚಿದ್ದು ಮುಚ್ಚಿದ ಹಾಗೇ ಇದೆ.

“ಏನಾಯ್ತೇ? ಮುಖ ಯಾಕೆ ಹಾಗೆ?” ಎಂದೆ.

“ಅಕ್ಕಾ, ಮೈಕ್ರೋಸ್ಕೋಪ್ ಒಂದು ಇಲ್ಲ. ಏಳನೇ ನಂಬರಿನದು. ಪೆಟ್ಟಿಗೆ ಇದೆ, ಒಳಗೆ ಖಾಲಿ. ಹೆಡ್‌ಮಾಸ್ಟರು ನಾನೇ ತಗೊಂಡಿದ್ದೀನಿ ಅಂತಾರೆ.”

ಆ ಶಾಲೆಯಲ್ಲಿ ಒಂದು ಅಭ್ಯಾಸವಿದೆ. ಹನ್ನೆರಡು ಮೈಕ್ರೋಸ್ಕೋಪು ಹನ್ನೆರಡು ಮರದ ಪೆಟ್ಟಿಗೆಯಲ್ಲಿರುತ್ತವೆ. ವರ್ಷಕ್ಕೊಮ್ಮೆ ಲ್ಯಾಬಿನ ಸಾಮಾನೆಲ್ಲ ಎಣಿಸಿ ದಾಸ್ತಾನು ಪುಸ್ತಕದಲ್ಲಿ ಬರೆಯಬೇಕು. ಪೆಟ್ಟಿಗೆ ತೆರೆದರೆ ಧೂಳು ಒಳಗೆ ಹೋಗಿ ಗಾಜು ಮಂಜಾಗುತ್ತದೆ ಎಂದು ಹಿಂದಿನ ವಿಜ್ಞಾನ ಮೇಷ್ಟರು ಹೇಳಿಹೋಗಿದ್ದರು. ಹಾಗಾಗಿ ಇವಳು ಪೆಟ್ಟಿಗೆಗಳನ್ನು ಬೆರಳಿಟ್ಟು ಎಣಿಸುತ್ತಿದ್ದಳು. ‘ಹನ್ನೆರಡು, ಸರಿ ಇದೆ’ ಎಂದು ಬರೆದು ಸಹಿ ಹಾಕುತ್ತಿದ್ದಳು. ಕೆಳಗೆ ಹೆಡ್‌ಮಾಸ್ಟರದೊಂದು ಸಹಿ. ಪಾಠಕ್ಕೆ ಮೊದಲ ನಾಲ್ಕು ಪೆಟ್ಟಿಗೆ ಸಾಕಾಗುತ್ತಿತ್ತು, ಉಳಿದವು ಕಪಾಟಿನ ಮೇಲಿನ ಹಲಗೆಯಲ್ಲೇ. ಮೊನ್ನೆ ತಪಾಸಣೆಗೆ ಬಂದ ಅಧಿಕಾರಿ ಸುಮ್ಮನೆ ಕೈಗೆ ಸಿಕ್ಕ ಏಳನೆಯದನ್ನು ತೆರೆದರಂತೆ. ಒಳಗೆ ಒಂದು ಸತ್ತ ಜಿರಲೆ ಬಿಟ್ಟರೆ ಏನೂ ಇಲ್ಲ.

ಅವಳು ಚೀಲದಿಂದ ಹೆಡ್‌ಮಾಸ್ಟರು ಕೊಟ್ಟಿದ್ದ ಒಂದು ಕಾಗದ ತೆಗೆದಳು. ‘ನಾನು ಸ್ವಂತ ಇಚ್ಛೆಯಿಂದ ನನ್ನ ಹುದ್ದೆಗೆ ರಾಜೀನಾಮೆ ನೀಡುತ್ತಿದ್ದೇನೆ’ ಎಂದು ಟೈಪಾಗಿತ್ತು. ಸಹಿಯ ಜಾಗ ಮಾತ್ರ ಖಾಲಿ.

“ಇದಕ್ಕೆ ಸೈನ್ ಹಾಕಿದ್ರೆ ಇಲ್ಲಿಗೇ ಮುಗಿಯುತ್ತಂತೆ. ಇಲ್ಲಾಂದ್ರೆ ಪೊಲೀಸು, ಪೇಪರು ಅಂತ ಊರೆಲ್ಲ ಆಗುತ್ತಂತೆ.”

ನನಗೆ ಅಯ್ಯೋ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಒಳಗೆ ಎಲ್ಲೋ ತಣ್ಣಗಾಯಿತು. ಇನ್ನು ಮೇಲೆ ಆ ಟಕ್ ಟಕ್ ಇಲ್ಲ, ಮೊದಲು ಹೊಳೆದದ್ದು ಅದೇ. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಇಲ್ಲದಿದ್ದರೆ ಈ ಕಥೆ ಹೇಳಿ ಪ್ರಯೋಜನವಿಲ್ಲ.

ಅಷ್ಟರಲ್ಲಿ ಮೈದುನ ಬಂದ. ಕೈಯ ಗ್ರೀಸ್ ಒರೆಸುತ್ತಲೇ ವಿಷಯ ಕೇಳಿದ.

“ಸೈನ್ ಹಾಕ್ಬಿಡು,” ಎಂದ. “ನಮ್ಮ ಗ್ಯಾರೇಜಲ್ಲಿ ಓನರ್ ‘ನಾಳೆಯಿಂದ ಬರಬೇಡ’ ಅಂದ್ರೆ ಮುಗೀತು, ಅವತ್ತೇ ಸ್ಪ್ಯಾನರ್ ಇಟ್ಟು ಹೋಗ್ತಾರೆ. ಸರ್ಕಾರದ ಜೊತೆ ಯಾರು ಗುದ್ದಾಡ್ತಾರೆ?”

“ಹೂಂ ಕಣೆ,” ಎಂದೆ ನಾನೂ. “ಮರ್ಯಾದೆಯಾಗಿ ಬಿಟ್ಟು ಬಾ. ಮನೇಲಿದ್ರೆ ಏನು ಗಂಟು ಹೋಗುತ್ತೆ? ನಾನಿಲ್ವಾ ಇಷ್ಟು ವರ್ಷ?”

ಅವಳು ನಮ್ಮಿಬ್ಬರ ಮುಖ ನೋಡಿದಳು. “ನೀನು ತಗೊಂಡ್ಯಾ ಇಲ್ವಾ ಅಂತ ಇಬ್ಬರಲ್ಲಿ ಒಬ್ಬರೂ ಕೇಳಲಿಲ್ಲ,” ಎಂದು ಹೇಳಿ ಒಳಗೆ ಹೋದಳು. ಕಾಗದಕ್ಕೆ ಸಹಿ ಹಾಕಲಿಲ್ಲ. ಯೋಚಿಸಿ ಹೇಳುತ್ತೇನೆಂದು ಹೆಡ್‌ಮಾಸ್ಟರಿಗೆ ತಿಳಿಸಿ ದಿನಾ ಶಾಲೆಗೆ ಹೋಗುತ್ತಲೇ ಇದ್ದಳು.

ಅದೇ ವಾರ ಬುಧವಾರ, ನಾಲ್ಕನೇ ತಾರೀಖು, ಪೋಸ್ಟ್‌ಮ್ಯಾನ್ ನನ್ನ ಕಿಟಕಿಯ ಹತ್ತಿರ ಸೈಕಲ್ ನಿಲ್ಲಿಸಿದ.

“ಲ್ಯಾಬಮ್ಮನಿಗೆ ರಿಜಿಸ್ಟರ್ಡ್ ಬಂದಿದೆ, ಬೀಗ ಹಾಕಿದೆ. ನೀವು ಮನೆಯವರೇ ತಾನೆ? ಇಲ್ಲಿ ಒಂದು ಸೈನ್ ಹಾಕಿ.”

ಹಾಕಿದೆ. ಶಿಕ್ಷಣ ಕಚೇರಿಯ ಮೊಹರು, ಮೂಲೆಯಲ್ಲಿ ‘ಗೌಪ್ಯ’ ಎಂಬ ಕೆಂಪು ಅಕ್ಷರ. ಸಂಜೆ ಕೊಡಬೇಕೆಂದೇ ಯಂತ್ರದ ಮೇಲೆ ಇಟ್ಟುಕೊಂಡಿದ್ದೆ. ಆಣೆ ಮಾಡಿ ಹೇಳುತ್ತೇನೆ, ಕೊಡಬೇಕೆಂದೇ ಇದ್ದೆ.

ಸಂಜೆ ಏನಾಯಿತೆಂದರೆ, ಒಂಬತ್ತನೇ ತರಗತಿಯ ನನ್ನ ಮಗಳು ಪುಸ್ತಕ ಎತ್ತಿಕೊಂಡು ಗೋಡೆಯಾಚೆ ಓಡಿದಳು. ದಿನಾ ಹಾಗೆಯೇ. ನಾನು ಹೇಳಿಕೊಟ್ಟರೆ ಅವಳಿಗೆ ಹತ್ತುವುದಿಲ್ಲ, ಚಿಕ್ಕಮ್ಮನೇ ಬೇಕು. ತಿರುಗಿ ಬಂದವಳು, “ಅಮ್ಮಾ, ನಾನೂ ದೊಡ್ಡವಳಾದ ಮೇಲೆ ಲ್ಯಾಬಲ್ಲೇ ಕೆಲಸ ಮಾಡ್ತೀನಿ, ಚಿಕ್ಕಮ್ಮನ ಹಾಗೆ,” ಎಂದಳು.

“ಯಾಕೆ, ನಿಮ್ಮಮ್ಮನ ಹಾಗೆ ಹೊಲಿದ್ರೆ ನಿನ್ನ ಕೈ ಸವೆಯುತ್ತಾ?” ಎಂದೆ.

“ನೀನು ಯಾವಾಗಲೂ ಸಿಡಿಸಿಡಿ ಅಂತಿರ್ತೀಯ,” ಎಂದಳು.

ಲಕೋಟೆಯನ್ನು ಎತ್ತಿ ಗುಂಡಿಗಳ ಡಬ್ಬದೊಳಗೆ ತಳ್ಳಿ, ಮೇಲೆ ಗುಂಡಿ ಸುರಿದು ಮುಚ್ಚಿದೆ. ನಾಳೆ ಕೊಟ್ಟರಾಯಿತು ಅಂದುಕೊಂಡೆ. ನಾಳೆ ಬಂತು. ನಿನ್ನೆ ಯಾಕೆ ಕೊಡಲಿಲ್ಲ ಎಂದು ಕೇಳಿದರೆ? ನಾಡಿದ್ದು ಇನ್ನೂ ಕಷ್ಟ. ಹೀಗೇ ಡಬ್ಬದ ಮುಚ್ಚಳ ದಿನದಿಂದ ದಿನಕ್ಕೆ ಭಾರವಾಯಿತು.

ಹದಿಮೂರನೇ ತಾರೀಖು ಶುಕ್ರವಾರ ಗುಮಾಸ್ತರು ಬಂದರು. ನಮ್ಮ ಬೀದಿಯ ಕೊನೆ ಮನೆಯವರು. ಶಿಕ್ಷಣ ಕಚೇರಿಯಲ್ಲಿ ಮೂವತ್ತು ವರ್ಷ ಗುಮಾಸ್ತರಾಗಿದ್ದು ನಿವೃತ್ತಿಯಾದವರು. ಕೈಯಲ್ಲೊಂದು ಪ್ಯಾಂಟು.

“ಟೈಲರಮ್ಮ, ಸೊಂಟ ಎರಡಿಂಚು ಬಿಡಬೇಕು. ಸರ್ವೀಸಲ್ಲಿದ್ದಾಗ ನನಗೆ ಬಡ್ತಿ ಬರ್ಲಿಲ್ಲ, ನಿವೃತ್ತಿ ಆದ್ಮೇಲೆ ಹೊಟ್ಟೆಗೆ ಬರ್ತಾ ಇದೆ.”

“ಎರಡಿಂಚು ಸಾಲಲ್ಲ ಸಾರ್. ಮೂರು ಬಿಡ್ತೀನಿ, ಮುಂದಿನ ಬಡ್ತಿಗೂ ಆಗುತ್ತೆ.”

ಅವರು ನಗುತ್ತಾ, ಬಿದ್ದುಹೋದ ಗುಂಡಿಗೆ ಜೊತೆ ಹುಡುಕುತ್ತೇನೆಂದು ಡಬ್ಬಕ್ಕೆ ಕೈ ಹಾಕಿದರು. ನಾನು ಬೇಡ ಎನ್ನುವುದರೊಳಗೆ ಲಕೋಟೆ ಅವರ ಕೈಯಲ್ಲಿತ್ತು.

“ಇದು ಯಾವ ಸೈಜಿನ ಗುಂಡಿ?” ಎಂದರು.

ಅವರು ಹೆಸರು ನೋಡಿದರು, ಮೊಹರು ನೋಡಿದರು, ‘ಗೌಪ್ಯ’ ನೋಡಿದರು. ಮುಖದ ನಗು ಹೋಯಿತು. ಶಾಲೆಯ ವಿಷಯ ಬೀದಿಗೆಲ್ಲ ಗೊತ್ತಿತ್ತು.

“ಯಾವತ್ತು ಬಂತು ಇದು?”

“ನಾಲ್ಕನೇ ತಾರೀಖು.”

“ಒಂಬತ್ತು ದಿನ! ಅಮ್ಮಾ ತಾಯಿ, ಇದ್ರಲ್ಲಿ ಏನಿರುತ್ತೆ ಗೊತ್ತಾ? ಸಾಮಾನ್ಯವಾಗಿ ಉತ್ತರ ಕೊಡೋಕೆ ದಿನ ಗೊತ್ತು ಮಾಡಿರ್ತಾರೆ. ಅಷ್ಟರಲ್ಲಿ ಉತ್ತರ ಕೊಡದೆ ಇದ್ರೆ ‘ಇವರಿಗೆ ಹೇಳೋಕೆ ಏನೂ ಇಲ್ಲ’ ಅಂತ ಬರೆದುಕೊಂಡು ಕೆಲಸದಿಂದ ತೆಗೀಬಹುದು. ನೀವು ಕಾಗದ ಮುಚ್ಚಿಡಲಿಲ್ಲ, ಅವಳ ಬಾಯಿ ಮುಚ್ಚಿದ್ರಿ.”

“ಒಡೆದು ನೋಡಿ ಸಾರ್, ಅಂಥದ್ದೇನೂ ಇಲ್ದೇ ಇರಬಹುದು,” ಎಂದೆ.

“ಅವಳ ಕಾಗದ ನಾನ್ಯಾಕೆ ಒಡೀಲಿ? ಏಳಿ. ಅವಳ ಕೈಗೆ ಕೊಡಿ. ಈಗ.”

ಓರಗಿತ್ತಿ ಆಗತಾನೆ ಬಂದು ಚಪ್ಪಲಿ ಬಿಡುತ್ತಿದ್ದಳು. ಮೈದುನನೂ ಮನೆಯಲ್ಲಿದ್ದ.

“ನಿನಗೊಂದು ಕಾಗದ ಬಂದಿದೆ, ಇವತ್ತು,” ಎಂದೆ. ಸುಳ್ಳು ತನ್ನಷ್ಟಕ್ಕೆ ಬಂತು.

ಅವಳು ಲಕೋಟೆ ತಿರುಗಿಸಿ ಅಂಚೆಯ ಮುದ್ರೆಯ ತಾರೀಖು ನೋಡಿದಳು. ನನ್ನನ್ನು ನೋಡಿದಳು. ಅದಕ್ಕೆ ಅಂಟಿಕೊಂಡಿದ್ದ ಒಂದು ಚಿಕ್ಕ ಬಿಳಿ ಗುಂಡಿಯನ್ನು ಉಗುರಿನಿಂದ ಬಿಡಿಸಿ ನನ್ನ ಅಂಗೈಯಲ್ಲಿಟ್ಟಳು. ಬೈದಿದ್ದರೆ ನಾನೂ ಬೈದು ಹಗುರಾಗುತ್ತಿದ್ದೆ.

ಓದಿದಳು. ಓದುತ್ತ ಓದುತ್ತ ಗೋಡೆಗೆ ಒರಗಿದಳು. “ತೆಗೆದೇಬಿಟ್ಟಿದ್ದಾರೆ,” ಎಂದಳು.

“ತಾಳಮ್ಮ, ನಾನು ನೋಡಬಹುದಾ?” ಎಂದು ಗುಮಾಸ್ತರು ಅವಳಿಂದ ಕಾಗದ ಪಡೆದರು. ಕನ್ನಡಕ ಏರಿಸಿ ಜೋರಾಗಿ ಓದಿದರು. “‘ಏಳನೇ ಸಂಖ್ಯೆಯ ಸೂಕ್ಷ್ಮದರ್ಶಕ ನಷ್ಟವಾಗಿರುವುದಕ್ಕೆ ತಾವೇ ಹೊಣೆಯೆಂದು ಆರೋಪವಿದೆ. ತಮ್ಮನ್ನು ಸೇವೆಯಿಂದ ಏಕೆ ತೆಗೆದುಹಾಕಬಾರದು ಎಂಬುದಕ್ಕೆ ಈ ಪತ್ರ ತಲುಪಿದ ಹದಿನೈದು ದಿನಗಳೊಳಗೆ ಲಿಖಿತ ಉತ್ತರ ನೀಡತಕ್ಕದ್ದು.’ ಎಲ್ಲಿ ತೆಗೆದಿದ್ದಾರೆ? ಯಾಕೆ ತೆಗೀಬಾರದು ಅಂತ ಕೇಳಿದ್ದಾರೆ. ಇದು ಪ್ರಶ್ನೆ ಕಣಮ್ಮ, ತೀರ್ಪಲ್ಲ.”

“ಪ್ರಶ್ನೆ ಕೇಳೋದು ನಾಟಕ ಸಾರ್,” ಎಂದ ಮೈದುನ. “ತೆಗೀಬೇಕು ಅಂತ ಮನಸ್ಸು ಮಾಡಿದವರು ತೆಗೆದೇ ತೆಗೀತಾರೆ.”

“ನಿಮ್ಮ ಗ್ಯಾರೇಜು ಓನರದ್ದು. ಶಾಲೆ ಹೆಡ್‌ಮಾಸ್ಟರ ಅಪ್ಪನ ಮನೇದಲ್ಲ. ಅದು ಜನರ ಶಾಲೆ, ಅದಕ್ಕೆ ನಿಯಮ ಇದೆ. ಪರ್ಮನೆಂಟ್ ಕೆಲಸದವರನ್ನು ಬಾಯಿಮಾತಲ್ಲಿ ಕಳಿಸೋ ಹಾಗಿಲ್ಲ. ತಪ್ಪು ಏನು ಅಂತ ಬರವಣಿಗೆಯಲ್ಲಿ ತಿಳಿಸಬೇಕು. ಉತ್ತರ ಕೊಡೋಕೆ ಟೈಮ್ ಕೊಡಬೇಕು. ಯಾವ ದಾಖಲೆ ನೋಡಿ ಆರೋಪ ಮಾಡಿದ್ರೋ ಅದನ್ನ ಇವಳಿಗೂ ತೋರಿಸಬೇಕು.”

“ತೋರಿಸಿದ್ರೆ?”

“ತೋರಿಸಿದ್ರೆ ಗೊತ್ತಾಗುತ್ತೆ ಮಾರಾಯ, ನೀನು ಎಂಜಿನ್ ತೆಗೀದೆ ಗಾಡಿ ರಿಪೇರಿ ಮಾಡ್ತೀಯಾ? ಆಮೇಲೆ ವಿಚಾರಣೆ ಅಂತ ನಡೆಸ್ತಾರೆ. ಅಲ್ಲಿಗೆ ಒಬ್ಬ ಸಹಾಯಕನ್ನ ಕರ್ಕೊಂಡು ಹೋಗಬಹುದು. ಅವರ ಸಾಕ್ಷಿಗಳಿಗೆ ಇವಳೂ ಪ್ರಶ್ನೆ ಹಾಕಬಹುದು, ತನ್ನ ಸಾಕ್ಷಿ ತರಬಹುದು. ಕೊನೆಗೆ ಏನೇ ತೀರ್ಮಾನ ಮಾಡಿದ್ರೂ ಕಾರಣ ಸಮೇತ ಬರೆದು ಕೊಡಬೇಕು. ಒಪ್ಪಿಗೆ ಆಗ್ಲಿಲ್ಲ ಅಂದ್ರೆ ಮೇಲಿನವರಿಗೆ ಮೇಲ್ಮನವಿ. ಇಷ್ಟು ಮೆಟ್ಟಿಲು ಇದೆ.”

“ಟೆಂಪರರಿಯವರಿಗೂ ಹೀಗೇನಾ?” ಎಂದ ಮೈದುನ.

“ಅವರಿಗೆ ಮೆಟ್ಟಿಲು ಕಡಿಮೆ. ನೇಮಕದ ಆದೇಶದಲ್ಲಿ ಏನು ಬರೆದಿದೆ ನೋಡಬೇಕು. ಆದ್ರೆ ಕಳ್ಳ ಅಂತ ಹಣೆಪಟ್ಟಿ ಕಟ್ಟಿ ಕಳಿಸ್ತಾರೆ ಅಂದ್ರೆ ಅವರೂ ಸುಮ್ಮನಿರಬೇಕಾಗಿಲ್ಲ. ಕಾರಣ ಬರೆದು ಕೊಡಿ ಅಂತ ಕೇಳ್ಬೇಕು, ಗೊತ್ತಿದ್ದವರ ಹತ್ರ ಹೋಗ್ಬೇಕು.”

ಓರಗಿತ್ತಿ ಕಪಾಟಿನಿಂದ ಆ ರಾಜೀನಾಮೆ ಕಾಗದ ತಂದು ತೋರಿಸಿದಳು. ಗುಮಾಸ್ತರಿಗೆ ರೇಗಿತು.

“ಇದಕ್ಕೆ ಸೈನ್ ಹಾಕಿದ್ರೆ ಈ ಮೆಟ್ಟಿಲೆಲ್ಲ ನೀವೇ ಒಡೆದು ಹಾಕಿದ ಹಾಗೆ. ‘ಸ್ವಂತ ಇಚ್ಛೆ’ ಅಂತೆ! ಇಚ್ಛೆ ಯಾರದ್ದು, ಟೈಪು ಮಾಡಿದವರದ್ದು. ನಾಳೆ ನೀವು ‘ಹೆದರಿಸಿ ಬರೆಸಿಕೊಂಡ್ರು’ ಅಂದ್ರೆ ನಂಬಿಸೋದು ಬಹಳ ಕಷ್ಟ.” ಆಮೇಲೆ ದನಿ ಇಳಿಸಿ ಕೇಳಿದರು, “ಆ ಏಳನೆಯದನ್ನ ನೀವು ಕಣ್ಣಾರೆ ಕೊನೆಗೆ ನೋಡಿದ್ದು ಯಾವಾಗ?”

ಅವಳು ಯೋಚಿಸಿದಳು. “ಆಪರೇಷನ್ನಿಗೆ ಮುಂಚೆ. ಐದು ವರ್ಷ ಆಯ್ತು. ರಜಾ ಹಾಕೋ ಮುಂಚೆ ಅಂತ ಅದೊಂದು ಸಲ ಹನ್ನೆರಡನ್ನೂ ತೆಗೆದು ಒರೆಸಿ ಇಟ್ಟು, ನಲವತ್ತು ದಿನ ಹೋದೆ. ಲ್ಯಾಬಿನ ಬೀಗದ ಕೈ ಆಫೀಸಲ್ಲಿ ಕೊಟ್ಟಿದ್ದೆ.”

“ಹಾಗಾದ್ರೆ ಆ ನಲವತ್ತು ದಿನದ ಪುಸ್ತಕಗಳನ್ನೇ ಕೇಳೋಣ. ದಾಸ್ತಾನು ಪುಸ್ತಕ, ಹೊರಗೆ ಹೋದ ಪತ್ರಗಳ ಫೈಲು. ಸರ್ಕಾರಿ ಸಾಮಾನು ಗೇಟು ದಾಟಿದ್ರೆ ಎಲ್ಲೋ ಒಂದು ಕಡೆ ಒಂದು ಚೀಟಿ ಇದ್ದೇ ಇರುತ್ತೆ.” ಬೆರಳು ಮಡಿಸಿ ಎಣಿಸಿದರು. “ಹತ್ತೊಂಬತ್ತಕ್ಕೆ ಗಡುವು. ಉಳಿದಿರೋದು ಆರು ದಿನ, ಅದ್ರಲ್ಲಿ ಎರಡು ರಜೆ. ದಾಖಲೆ ನೋಡಿ ಉತ್ತರ ಬರೆಯೋಕೆ ಸಾಲಲ್ಲ. ಹೆಚ್ಚು ಸಮಯ ಕೇಳಿ ಅರ್ಜಿ ಹಾಕ್ಬೇಕು. ಅದಕ್ಕೆ ಕಾರಣ ಬೇಕು.”

ಅವರು ನನ್ನ ಕಡೆ ತಿರುಗಿದರು. “ಅಂಚೆಯ ಸ್ವೀಕೃತಿ ಕಾರ್ಡಲ್ಲಿ ಸೈನ್ ನಿಮ್ಮದು. ‘ನಾಲ್ಕಕ್ಕೆ ನನ್ನ ಕೈಗೆ ಬಂತು, ಹದಿಮೂರಕ್ಕೆ ಅವಳಿಗೆ ಕೊಟ್ಟೆ, ಅಲ್ಲಿವರೆಗೂ ಅವಳಿಗೆ ಗೊತ್ತಿರಲಿಲ್ಲ’ ಅಂತ ನೀವು ಬರೆದು ಕೊಡಬೇಕು.”

“ನಾನಾ? ನನ್ನ ಕೈಯಾರೆ?”

“ನಿಮ್ಮ ಕೈಯಾರೆ ಇಟ್ಟುಕೊಂಡಿದ್ದು ತಾನೆ?”

“ನನ್ನಿಂದಾಗಲ್ಲ! ಆಫೀಸಿನವರ ಮುಂದೆ ನಾನು ಕೆಟ್ಟವಳು ಅಂತ ನಾನೇ ಸೈನ್ ಹಾಕಿ ಕೊಡ್ಲಾ? ಇವಳ ಮೈಕ್ರೋಸ್ಕೋಪು, ಇವಳ ಹೆಡ್‌ಮಾಸ್ಟರು, ನಡುವೆ ನನ್ನದೇನು?” ಎಂದು ಕಿರುಚಿ ಎದ್ದು ಬಂದೆ. ಬಾಗಿಲನ್ನೂ ಜೋರಾಗಿ ಹಾಕಿಕೊಂಡೆ.

ಮನೆಗೆ ಬಂದು ಗುಮಾಸ್ತರ ಪ್ಯಾಂಟು ಬಿಚ್ಚತೊಡಗಿದೆ. ಹೊಲಿಗೆ ಬಿಚ್ಚುತ್ತಾ ಬಿಚ್ಚುತ್ತಾ ಬಟ್ಟೆಯನ್ನೇ ಹರಿದುಬಿಟ್ಟೆ. ಗುಮಾಸ್ತರು ಹೊರಟು ಹೋದದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಮಗಳು ಓಡಿಬಂದಳು.

“ಅಮ್ಮಾ, ಚಿಕ್ಕಮ್ಮ ಪೆನ್ನು ಕೇಳ್ತಿದ್ದಾಳೆ. ಅವಳದ್ದು ಬರೀತಿಲ್ಲವಂತೆ.”

“ಏನು ಬರೀಬೇಕಂತೆ?”

“ಗೊತ್ತಿಲ್ಲ. ಟೈಪ್ ಆಗಿರೋ ಕಾಗದ ಮುಂದೆ ಇಟ್ಕೊಂಡಿದ್ದಾಳೆ.”

ಕೈಯಲ್ಲಿದ್ದುದನ್ನು ಬಿಸಾಡಿ ಓಡಿದೆ. ಮೇಜಿನ ಮೇಲೆ ಅದೇ ರಾಜೀನಾಮೆ. ಅವಳ ಕೈಯಲ್ಲಿ ಒಂದು ಹಳೇ ಪೆನ್ನು. ಹದಿನಾಲ್ಕು ವರ್ಷದ ಹಿಂದಿನ ನನ್ನ ಪೆನ್ನು! ಮುಚ್ಚಳಕ್ಕೆ ನಾನು ಸುತ್ತಿದ್ದ ದಾರ ಹಾಗೇ ಇತ್ತು. ಇಂಕು ಒಣಗಿತ್ತು, ಅದಕ್ಕೇ ಸಹಿ ಬಿದ್ದಿರಲಿಲ್ಲ.

“ಏನೇ ಇದು? ಗುಮಾಸ್ತರು ಇಷ್ಟು ಹೊತ್ತು ಬಾಯಿ ನೋಯಿಸ್ಕೊಂಡಿದ್ದು ಗೋಡೆಗಾ?”

“ಆರು ದಿನದಲ್ಲಿ ಏನೂ ಆಗಲ್ಲ ಅಕ್ಕಾ. ಹೆಚ್ಚು ದಿನ ಕೇಳೋಕೆ ನೀನು ಬರೆದು ಕೊಡಲ್ಲ. ಬರೆದು ಕೊಡು ಅಂತ ನಾನು ಕೇಳೋದೂ ಇಲ್ಲ.” ತಲೆಯೆತ್ತದೆ ಹೇಳಿದಳು. “ನಿನಗೂ ಸಮಾಧಾನ ಆಗುತ್ತೆ. ಆ ಕೆಲಸ ಬಂದ ದಿನದಿಂದ ನೀನು ನನ್ನ ಜೊತೆ ಸರಿಯಾಗಿ ಒಂದು ಮಾತಾಡಿಲ್ಲ.”

ಅವಳಿಗೆ ಗೊತ್ತಿತ್ತು. ಹದಿನಾಲ್ಕು ವರ್ಷವೂ ಗೊತ್ತಿತ್ತು. ನನ್ನ ಹೊಟ್ಟೆಕಿಚ್ಚು ನನ್ನ ಹೊಟ್ಟೆಯೊಳಗೇ ಇದೆ ಎಂದು ನಾನೊಬ್ಬಳೇ ಅಂದುಕೊಂಡಿದ್ದೆ.

ನಾನು ಆ ಕಾಗದ ಕಿತ್ತುಕೊಂಡೆ. “ಕೆಲಸ ಬಿಡೋದಾದ್ರೆ ಗುದ್ದಾಡಿ ಸೋತ ಮೇಲೆ ಬಿಡು, ಹೀಗೆ ಬಿಡಬೇಡ! ನನಗೆ ಸಿಗದೇ ಇದ್ದ ಕೆಲಸಾನ ನೀನು ಒಂದು ಸೈನಲ್ಲಿ ಬಿಸಾಕ್ತೀಯಾ? ಹದಿನಾಲ್ಕು ವರ್ಷ ಸುಮ್ಮನೆ ಸುಟ್ಟುಕೊಂಡ್ನಾ ನಾನು?” ಎಂದೆ. ಹೇಳಿದ ಮೇಲೆ ನನಗೇ ವಿಚಿತ್ರವೆನ್ನಿಸಿತು. ಅವಳಿಗೂ ಅಳುವಿನ ನಡುವೆ ನಗು ಬಂತು. ಮೈದುನ ಮಾತ್ರ ಯಾರ ಪರ ವಹಿಸಬೇಕೋ ತಿಳಿಯದೆ ಲೋಟ ತೊಳೆಯಲು ಎದ್ದುಹೋದ.

ಮಗಳ ಪೆನ್ನು ತರಿಸಿ ಅಲ್ಲೇ ಕೂತು ಬರೆದೆ. ಐದೇ ಸಾಲು. ಕೊನೆಯ ಸಾಲು ಇದು: ‘ಪತ್ರವನ್ನು ನಾನು ಬೇಕೆಂದೇ ಕೊಡದೆ ಇಟ್ಟುಕೊಂಡಿದ್ದೆ.’

ಸೋಮವಾರ ಬೆಳಗ್ಗೆ ಗುಮಾಸ್ತರು ಬರೆಸಿದ ಎರಡು ಅರ್ಜಿ ಕಚೇರಿಗೆ ಹೋದವು, ಒಂದು ಸಮಯ ಕೇಳಿ, ಇನ್ನೊಂದು ದಾಖಲೆ ಕೇಳಿ. “ಎರಡೆರಡು ಪ್ರತಿ ಮಾಡಿ. ಒಂದು ಅವರಿಗೆ, ಇನ್ನೊಂದರ ಮೇಲೆ ಮೊಹರು ತಾರೀಖು ಹಾಕಿಸ್ಕೊಂಡು ನೀವೇ ಇಟ್ಕೊಳ್ಳಿ,” ಎಂದು ಅವರು ಮೂರು ಸಲ ಹೇಳಿದ್ದರು. ಹದಿನೈದು ದಿನ ಹೆಚ್ಚಿಗೆ ಸಿಕ್ಕಿತು. ದಾಖಲೆ ನೋಡಲು ಓರಗಿತ್ತಿ ಹೋದಾಗ ಹೆಡ್‌ಮಾಸ್ಟರು ಹುಡುಕಿಸುತ್ತೇನೆ, ನಾಳೆ ಬಾ, ನಾಡಿದ್ದು ಬಾ ಎಂದರಂತೆ. ಗುಮಾಸ್ತರು ಅದನ್ನೂ ಬರೆದು ಕಚೇರಿಗೆ ಕೊಡಿಸಿದರು. ಮೂರನೇ ದಿನ ಫೈಲು ಸಿಕ್ಕಿತು.

ಸಿಕ್ಕಿತು ಎಂದರೆ ಎಲ್ಲವೂ ಸಿಕ್ಕಿತು. ಅವಳು ಆಸ್ಪತ್ರೆಯಲ್ಲಿದ್ದ ಎರಡನೇ ವಾರ, ವಿಜ್ಞಾನ ಪ್ರದರ್ಶನಕ್ಕೆಂದು ಒಂದು ಮೈಕ್ರೋಸ್ಕೋಪನ್ನು ಪಕ್ಕದ ಊರಿನ ಶಾಲೆಗೆ ಕೊಟ್ಟು ಕಳಿಸಿದ ಪತ್ರದ ಪ್ರತಿ ಅಲ್ಲಿತ್ತು. ಸಂಖ್ಯೆ ಏಳು. ಕೆಳಗೆ ಹೆಡ್‌ಮಾಸ್ಟರದೇ ಸಹಿ. ಪೆಟ್ಟಿಗೆ ದೊಡ್ಡದೆಂದು ಬಟ್ಟೆಯಲ್ಲಿ ಸುತ್ತಿ ಕಳಿಸಿದ್ದರು. ವಾಪಸು ಕೇಳಲು ಎಲ್ಲರೂ ಮರೆತಿದ್ದರು. ಖಾಲಿ ಪೆಟ್ಟಿಗೆಯನ್ನು ಇವಳು ಐದು ವರ್ಷ ಬೆರಳಿಟ್ಟು ಎಣಿಸಿದ್ದಳು. ಪತ್ರದ ಒಂದು ನಕಲು ಸೇರಿಸಿ ಅವಳು ಉತ್ತರ ಬರೆದು ಕೊಟ್ಟಳು, ಕಚೇರಿಯವರು ವಿಚಾರಣೆಗೆ ದಿನ ಗೊತ್ತು ಮಾಡಿದರು.

ವಿಚಾರಣೆಗೆ ನಾನೂ ಹೋಗಬೇಕಾಯಿತು. ಉದ್ದ ಮೇಜು, ಕಿರ್ರೆನ್ನುವ ಫ್ಯಾನು, ಗೋಡೆಗೆ ಒರಗಿಸಿದ ಫೈಲಿನ ಗಂಟುಗಳು. ವಿಚಾರಣಾಧಿಕಾರಿ ಹೆಂಗಸು, ಬೇರೆ ಕಚೇರಿಯವರು. ಹೆಡ್‌ಮಾಸ್ಟರು ಬಾಯಿ ತೆರೆದದ್ದೇ, “ಉತ್ತರ ಮೊದಲ ಗಡುವು ಮೀರಿ ಬಂದಿದೆ, ಹೆಚ್ಚು ದಿನ ಕೊಟ್ಟಿದ್ದೇ ತಪ್ಪು, ಒಪ್ಪಬಾರದು,” ಎಂದರು.

ಅಧಿಕಾರಿ ನನ್ನ ಐದು ಸಾಲು ಎತ್ತಿ ಹಿಡಿದರು. “ಇದು ನೀವು ಬರೆದಿದ್ದಾ?”

“ಹೌದು ಮೇಡಂ.”

“ಬೇಕಂತಲೇ ಇಟ್ಟುಕೊಂಡೆ ಅಂತ ಬರೆದಿದ್ದೀರ. ಯಾಕೆ?”

“ಹೊಟ್ಟೆಕಿಚ್ಚು ಮೇಡಂ,” ಎಂದೆ.

ಟೈಪ್ ಮಾಡುತ್ತಿದ್ದವನು ಕೈ ನಿಲ್ಲಿಸಿದ. “ಹೊಟ್ಟೆಕಿಚ್ಚು ಅಂತಲೇ ಹೊಡೀಲಾ ಮೇಡಂ?”

“ಅವರು ಹೇಳಿದ ಹಾಗೇ ಹೊಡೀರಿ.”

ಹೊಡೆದ. ಒಂದೊಂದು ಅಕ್ಷರವೂ ನನ್ನ ನೆತ್ತಿಯ ಮೇಲೆ ಬಿದ್ದ ಹಾಗಿತ್ತು. ಗುಮಾಸ್ತರು ಸಹಾಯಕರಾಗಿ ಓರಗಿತ್ತಿಯ ಪಕ್ಕ ಕೂತಿದ್ದರು. ಹೆಡ್‌ಮಾಸ್ಟರನ್ನು ಅವಳೇ ಕೇಳಿದಳು.

“ಸಾರ್, ಐದು ವರ್ಷ ದಾಸ್ತಾನು ಪುಸ್ತಕಕ್ಕೆ ನನ್ನ ಸಹಿಯ ಕೆಳಗೆ ನೀವೂ ಸಹಿ ಹಾಕಿದ್ದೀರ. ನೀವು ಪೆಟ್ಟಿಗೆ ತೆರೆದು ನೋಡಿದ್ರಾ?”

“ನೀನು ನೋಡಿರ್ತೀಯ ಅಂತ ಹಾಕಿದೆ.”

“ಇದು ಯಾರ ಸಹಿ ಸಾರ್?” ಎಂದು ಪಕ್ಕದ ಊರಿನ ಶಾಲೆಗೆ ಬರೆದ ಪತ್ರ ಮುಂದಿಟ್ಟಳು.

ಅವರು ಕಾಗದವನ್ನು ಹತ್ತಿರ ಎಳೆದು ಎರಡು ಸಲ ಓದಿದರು. ಆ ಪತ್ರವನ್ನು ಮರೆತಿದ್ದರು, ಪಾಪ, ನಿಜವಾಗಿಯೂ ಮರೆತಿದ್ದರು. ಅವರ ಮುಖ ನೋಡಿದರೇ ತಿಳಿಯುತ್ತಿತ್ತು.

ಒಂದು ತಿಂಗಳಿಗೆ ಆದೇಶ ಬಂತು. ನಾಲ್ಕು ಪುಟ, ಪ್ರತಿಯೊಂದಕ್ಕೂ ಕಾರಣ ಬರೆದಿತ್ತು. ಕಳವಿನ ಮಾತು ಸುಳ್ಳು, ಸೇವೆಯಿಂದ ತೆಗೆಯಲು ಕಾರಣವಿಲ್ಲ. ಪೆಟ್ಟಿಗೆ ತೆರೆಯದೆ ‘ಸರಿ ಇದೆ’ ಎಂದು ಬರೆದದ್ದು ತಪ್ಪು, ಅದಕ್ಕೆ ಎಚ್ಚರಿಕೆ. ಅವಳು ಆ ಎಚ್ಚರಿಕೆಯನ್ನು ಒಪ್ಪಿಕೊಂಡಳು. “ಮಾಡಿದ ತಪ್ಪಿಗೆ ತಕ್ಕಷ್ಟು ಬೈಸಿಕೊಂಡೆ, ಮಾಡದ್ದಕ್ಕೆ ಕೆಲಸ ಕಳ್ಕೊಳ್ಳಲಿಲ್ಲ,” ಎಂದಳು. ಮೈದುನ ಆದೇಶವನ್ನು ಎರಡು ಸಲ ಓದಿ, ಗ್ಯಾರೇಜಿಗೂ ಒಯ್ದು ಜೊತೆಯವರಿಗೆ ಓದಿಸಿದ. ಮೂಲೆಯಲ್ಲಿ ಗ್ರೀಸಿನ ಹೆಬ್ಬೆಟ್ಟು ಇನ್ನೂ ಇದೆ. ಏಳನೇ ಮೈಕ್ರೋಸ್ಕೋಪು ಪಕ್ಕದ ಊರಿನ ಶಾಲೆಯ ಕಿಟಕಿಯಲ್ಲಿ ಪರದೆ ಹಾರದಂತೆ ಒತ್ತಿಕೊಂಡು ಕೂತಿತ್ತಂತೆ, ತನ್ನ ಪೆಟ್ಟಿಗೆಗೆ ವಾಪಸು ಬಂತು.

ಮುಂದಿನ ವಾರ ಹೆಡ್‌ಮಾಸ್ಟರೇ ಗುಮಾಸ್ತರ ಮನೆ ಹುಡುಕಿಕೊಂಡು ಬಂದರು. ಕೈಯಲ್ಲಿ ಒಂದು ಲಕೋಟೆ. ಅವರಿಗೂ ನೋಟಿಸ್ ಬಂದಿತ್ತು. ನಾನು ಆಗ, ಈ ಗಲಾಟೆಯಲ್ಲಿ ಇಷ್ಟು ದಿನ ಉಳಿದುಹೋಗಿದ್ದ ಪ್ಯಾಂಟನ್ನು ಮೂರಿಂಚು ಬಿಟ್ಟು, ಹರಿದಲ್ಲಿ ತೇಪೆ ಹಾಕಿ ಕೊಡಲು ಹೋಗಿದ್ದೆ.

“ನನಗೆ ಎಷ್ಟು ದಿನ ಇದೆ ಸಾರ್?” ಎಂದು ಅವರು ಸಣ್ಣ ದನಿಯಲ್ಲಿ ಕೇಳಿದರು.

“ಕೂತ್ಕೊಳ್ಳಿ, ಓದೋಣ,” ಎಂದರು ಗುಮಾಸ್ತರು.

ನನಗೆ ತಡೆಯಲಾಗಲಿಲ್ಲ. “ಇವರಿಗೂ ಹೇಳಿಕೊಡ್ತೀರಾ? ರಾಜೀನಾಮೆ ಟೈಪ್ ಮಾಡಿಸಿದವರು ಇವರೇ!”

“ಹೌದಮ್ಮ. ಇವರನ್ನೂ ಕೇಳದೆ ತೆಗೆಯೋ ಹಾಗಿಲ್ಲ. ಒಳ್ಳೆಯವರಿಗೆ ಮಾತ್ರ ಇರೋ ಹಕ್ಕು ಹಕ್ಕಲ್ಲ.”

ಮನೆಗೆ ಬಂದು ನೋಡಿದರೆ ಓರಗಿತ್ತಿ ಕಾಗದಗಳನ್ನೆಲ್ಲ ತಾರೀಖಿನ ಪ್ರಕಾರ ಒಂದು ಫೈಲಿಗೆ ಹಾಕುತ್ತಿದ್ದಳು. ನೋಟಿಸು, ಅರ್ಜಿ, ಆದೇಶ. ನಡುವೆ ನನ್ನ ಐದು ಸಾಲು.

“ಅದೊಂದು ಹರಿದು ಹಾಕೇ,” ಎಂದೆ. “ಕೆಲಸ ಆಯ್ತಲ್ಲ.”

“ಆಗಲ್ಲ ಅಕ್ಕಾ. ಯಾವ ಕಾಗದಾನೂ ಬಿಸಾಡಬೇಡ ಅಂತ ಗುಮಾಸ್ತರು ಹೇಳಿದ್ದಾರೆ,” ಎಂದು ಹೇಳಿ, ತೂತು ಹೊಡೆದು ದಾರ ಕಟ್ಟಿದಳು. ಆಮೇಲೆ ಆ ಹಳೇ ಪೆನ್ನಿಗೆ ಹೊಸ ರೀಫಿಲ್ ಹಾಕಿ ನನ್ನ ಕೈಗೆ ಕೊಟ್ಟಳು.

ಹೊಟ್ಟೆಕಿಚ್ಚು ಹೋಯಿತಾ ಎಂದು ಕೇಳಬೇಡಿ. ಬೆಳಗ್ಗೆ ಎಂಟೂವರೆಗೆ ಟಕ್ ಟಕ್ ಕೇಳಿದರೆ ಈಗಲೂ ಒಳಗೆ ಚುರುಕ್ಕೆನ್ನುತ್ತದೆ. ಆದರೆ ಆ ಸದ್ದು ಯಾವತ್ತಾದರೂ ತಡವಾದರೆ ಕಿಟಕಿಯಿಂದ ಬಗ್ಗಿ ನೋಡುತ್ತೇನೆ.

ಆ ಪೆನ್ನಿನಲ್ಲೇ ಇದನ್ನು ಬರೆದದ್ದು. ಓದುತ್ತಿರುವವರೇ, ನಿಮ್ಮ ಮನೆಯಲ್ಲಿ ಸರ್ಕಾರಿ ಶಾಲೆಯ ಕೆಲಸದವರು ಯಾರಾದರೂ ಇದ್ದರೆ, ಮೇಷ್ಟರಿರಲಿ, ಗುಮಾಸ್ತರಿರಲಿ, ಗಂಟೆ ಹೊಡೆಯುವವರಿರಲಿ, ಅವರಿಗೆ ಇದನ್ನು ಓದಿ ಹೇಳಿ. ಕೆಲಸದಿಂದ ತೆಗೆಯುತ್ತೇವೆ ಎಂದು ಯಾರು ಹೆದರಿಸಿದರೂ ಅವಸರದಲ್ಲಿ ಸಹಿ ಹಾಕಬೇಡಿ. ಆರೋಪ ಬರೆದು ಕೊಡಿ ಎನ್ನಿ. ನೋಟಿಸ್ ಬಂದರೆ ತಾರೀಖು ನೋಡಿ, ಗಡುವಿನೊಳಗೆ ಉತ್ತರ ಕೊಡಿ, ಪ್ರತಿ ಇಟ್ಟುಕೊಳ್ಳಿ. ದಿನಗಳ ಲೆಕ್ಕ ಒಂದೊಂದು ಕಡೆ ಒಂದೊಂದು ಥರ ಇರುತ್ತದೆ. ನಿಮ್ಮ ಸಂಘದವರನ್ನೋ, ವಕೀಲರನ್ನೋ, ಕಾನೂನು ನೆರವಿನ ಕಚೇರಿಯನ್ನೋ ಅದೇ ದಿನ ಕೇಳಿ. ಪೆಟ್ಟಿಗೆ ಎಣಿಸುವವರು ಮುಚ್ಚಳ ತೆರೆದು ಎಣಿಸಿ.

ಇನ್ನು ಪಕ್ಕದ ಮನೆಯವರೇ, ನಿಮಗೂ ಒಂದು ಮಾತು. ಅವರ ಕಾಗದ ನಿಮ್ಮ ಕೈಗೆ ಬಂದರೆ ಅದೇ ಸಂಜೆ ಕೊಡಿ. ಹೊಟ್ಟೆಕಿಚ್ಚು ಎಷ್ಟಾದರೂ ಇರಲಿ. ಕೊಟ್ಟು ಬಂದ ಮೇಲೆ ಬಾಗಿಲು ಹಾಕಿಕೊಂಡು ನಿಮ್ಮಷ್ಟಕ್ಕೆ ನೀವು ಉರಿದುಕೊಳ್ಳಿ.